ಹಾರದೆ ಉಳಿದವರ ತರಬೇತಿ ದಂಡದ ಖರ್ಚೇ?

2025ರ ಜೂನ್ 25ರಂದು ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಆಕ್ಸಿಯಮ್-4 ಯಾತ್ರೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದತ್ತ ಹೊರಟಾಗ ದೇಶವೇ ಹಿಗ್ಗಿತು. ಹಿಗ್ಗಬೇಕಾದದ್ದೇ. ಆದರೆ ಅದೇ ಯಾತ್ರೆಗಾಗಿ ಅವರೊಡನೆ ಅಮೆರಿಕದಲ್ಲಿ ತರಬೇತಿ ಪಡೆದು, ಬದಲಿ ಯಾತ್ರಿಯಾಗಿ ನೆಲದ ಮೇಲೆಯೇ ಉಳಿದ ಗ್ರೂಪ್ ಕ್ಯಾಪ್ಟನ್ ಪ್ರಶಾಂತ್ ಬಾಲಕೃಷ್ಣನ್ ನಾಯರ್ ಅವರನ್ನು ನೆನೆದವರು ಕಡಿಮೆ. ಈ ಯಾತ್ರೆಗೆ ಭಾರತವು ವೆಚ್ಚ ಮಾಡಿದ ಸುಮಾರು 550 ಕೋಟಿ ರೂಪಾಯಿಗಳಲ್ಲಿ ಅವರ ತರಬೇತಿಯ ಪಾಲೂ ಸೇರಿದೆ. ಕಾಸಿಗೆ ಕಾಸು ತಾಳೆ ನೋಡುವ ವರ್ತಕರ ಕಣ್ಣಿಗೆ ಇದು ದಂಡದ ಖರ್ಚೆಂದು ತೋರಿದರೆ ಆಶ್ಚರ್ಯವಿಲ್ಲ.

ಗಗನಯಾನಕ್ಕೆಂದು ವಾಯುಪಡೆಯ ಪರೀಕ್ಷಾ ವೈಮಾನಿಕರಿಂದ ಆರಿಸಲ್ಪಟ್ಟವರು ನಾಲ್ವರು. ಇವರಿಬ್ಬರಲ್ಲದೆ ಅಜಿತ್ ಕೃಷ್ಣನ್ ಮತ್ತು ಅಂಗದ್ ಪ್ರತಾಪ್. ಬೆಂಗಳೂರಿನ ವಾಯುಪಡೆಯ ವೈದ್ಯಕೀಯ ಸಂಸ್ಥೆಯಲ್ಲಿ ದೇಹ-ಮನಸ್ಸುಗಳ ಪರೀಕ್ಷೆ. 2020ರ ಫೆಬ್ರವರಿಯಿಂದ 2021ರ ಮಾರ್ಚ್‌ವರೆಗೆ ಮಾಸ್ಕೋ ಸಮೀಪದ ಗಗಾರಿನ್ ಕೇಂದ್ರದಲ್ಲಿ ಶಿಕ್ಷಣ. ಬಳಿಕ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಅಭ್ಯಾಸ. ಇವರ ಹೆಸರು ಜನರಿಗೆ ತಿಳಿದದ್ದೇ 2024ರ ಫೆಬ್ರವರಿ 27ರಂದು. 2018ರಲ್ಲಿ ಘೋಷಿಸಿದ್ದ 2022ರ ಗುರಿ ಎಂದೋ ದಾಟಿಹೋಯಿತು. ಗಗನಯಾನದ ನೌಕೆಯನ್ನು ರೂಪಿಸಿರುವುದು ಮೂವರಿಗೆ, ತರಬೇತಿ ಕೊಟ್ಟಿರುವುದು ನಾಲ್ವರಿಗೆ. ಆ ಒಬ್ಬರು ಹೆಚ್ಚಿಗೆ ಏಕೆಂಬುದೇ ಇಲ್ಲಿನ ಪ್ರಶ್ನೆ.

ಉತ್ತರ 1970ರಷ್ಟು ಹಳೆಯದು. ಅಪೋಲೊ-13 ಏಪ್ರಿಲ್ 11ರಂದು ಹೊರಡುವುದಿತ್ತು. ಕೆಲವೇ ದಿನ ಮೊದಲು ಕೆನ್ ಮ್ಯಾಟಿಂಗ್ಲಿ ಅವರಿಗೆ ಜರ್ಮನ್ ದಡಾರದ ಸೋಂಕು ತಗುಲಿರಬಹುದೆಂಬ ಶಂಕೆ ಮೂಡಿತು. ಬದಲಿ ತಂಡದ ಜ್ಯಾಕ್ ಸ್ವೈಗರ್ಟ್ ಅವರ ಸ್ಥಾನದಲ್ಲಿ ಹೊರಟರು. ಮಾರ್ಗಮಧ್ಯದಲ್ಲಿ ಆಮ್ಲಜನಕದ ತೊಟ್ಟಿ ಸಿಡಿದಾಗ, ಸ್ಥಗಿತಗೊಳಿಸಿದ್ದ ನೌಕೆಯನ್ನು ಅಳಿದುಳಿದ ವಿದ್ಯುತ್ತಿನಲ್ಲಿ ಮತ್ತೆ ಚಾಲೂ ಮಾಡುವ ಕ್ರಮವನ್ನು ರೂಪಿಸಲು ನೆಲದಿಂದ ನೆರವಾದವರಲ್ಲಿ ಅದೇ ಮ್ಯಾಟಿಂಗ್ಲಿ ಒಬ್ಬರು. ದಡಾರವಂತೂ ಅವರಿಗೆ ಬರಲೇ ಇಲ್ಲ!

ಸಣ್ಣ ಕಾರ್ಖಾನೆಗಳ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಐವತ್ತು ಲಕ್ಷದ ಸಿ.ಎನ್.ಸಿ. ಯಂತ್ರಕ್ಕೆ ವಿಮೆಯುಂಟು, ಸವಕಳಿಯುಂಟು, ಬ್ಯಾಂಕಿನ ಅಡಮಾನವೂ ಉಂಟು. ಆ ಯಂತ್ರವನ್ನು ಸೆಟ್ ಮಾಡಬಲ್ಲವನು ಮಾತ್ರ ಒಬ್ಬನೇ. ಅವನ ಮನೆಯಲ್ಲಿ ಮದುವೆಯಾದರೆ ಯಂತ್ರಕ್ಕೂ ರಜೆ. ವ್ಯಾಪಾರದ ಅಂಗಡಿಗಳಲ್ಲೂ ಇದೇ ಕಥೆ: ಜಿ.ಎಸ್.ಟಿ. ರಿಟರ್ನ್, ಪಾಸ್‌ವರ್ಡ್, ಬಾಕಿದಾರರ ಪಟ್ಟಿ ಎಲ್ಲವೂ ಒಬ್ಬ ಗುಮಾಸ್ತರ ತಲೆಯಲ್ಲಿ. ಅವರು ಹಾಸಿಗೆ ಹಿಡಿದ ತಿಂಗಳು ವಿಳಂಬ ಶುಲ್ಕ ತಪ್ಪಿದ್ದಲ್ಲ.

ಇದಕ್ಕೆ ಲೆಕ್ಕಪತ್ರದ ಪದ್ಧತಿಯೂ ಕೊಂಚ ಕಾರಣವೆನ್ನಬೇಕು. ಅಕೌಂಟಿಂಗ್ ಸ್ಟ್ಯಾಂಡರ್ಡ್ 26ರ ಪ್ರಕಾರ ತರಬೇತಿಯ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಅದು ಆ ವರ್ಷದ ಲಾಭ-ನಷ್ಟ ಖಾತೆಗೇ ಹೋಗತಕ್ಕದ್ದು. ಕಲಿತ ಕೆಲಸಗಾರನ ಮೇಲೆ ಸಂಸ್ಥೆಗೆ ಯಂತ್ರದ ಮೇಲಿರುವಂತಹ ಹಿಡಿತವಿಲ್ಲವೆಂಬುದು ಇದರ ಹಿಂದಿನ ತರ್ಕ. ನಿಯಮವೇನೋ ಸರಿ. ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ್ದಕ್ಕೆ ಬೆಲೆಯೇ ಇಲ್ಲವೆಂದು ಮಾಲೀಕರು ತೀರ್ಮಾನಿಸಿದರೆ ಅದು ನಿಯಮದ ತಪ್ಪಲ್ಲ.

"ಕಲಿಸಿದರೆ ಬಿಟ್ಟುಹೋಗುತ್ತಾನೆ" ಎಂಬುದು ಉದ್ದಿಮೆದಾರರ ಹಳೆಯ ಆಕ್ಷೇಪ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. 1984ರಲ್ಲಿ ರಾಕೇಶ್ ಶರ್ಮಾ ಅವರಿಗೆ ಬದಲಿಯಾಗಿದ್ದ ರವೀಶ್ ಮಲ್ಹೋತ್ರಾ ಹಾರಲೇ ಇಲ್ಲ. ವಾಯುಪಡೆಯಿಂದ ನಿವೃತ್ತರಾದ ಮೇಲೆ ಅವರು ಬೆಂಗಳೂರಿನ ಡೈನಮ್ಯಾಟಿಕ್ ಸಂಸ್ಥೆಯ ವೈಮಾನಿಕ ವಿಭಾಗದ ಹೊಣೆ ಹೊತ್ತರು. ಕಲಿಸಿದವರಿಗೆ ಬಾರದ ಫಲ ಬೇರೊಬ್ಬರಿಗೆ ದಕ್ಕಿತೆನ್ನಬಹುದು. ಆದರೆ ದಕ್ಕಿದ್ದು ಇದೇ ಊರಿನ ಉದ್ದಿಮೆಗೆ. ಒಂದೇ ಕೈಗಾರಿಕಾ ಪ್ರದೇಶದ ಹತ್ತು ಘಟಕಗಳೂ ಕಲಿಸಿದರೆ, ಬಿಟ್ಟುಹೋದವನ ಜಾಗಕ್ಕೆ ಕಲಿತವನೇ ಬರುತ್ತಾನೆ. ಯಾರೂ ಕಲಿಸದಿದ್ದರೆ, ಇರುವ ಒಬ್ಬನಿಗಾಗಿ ಹತ್ತು ಮಂದಿ ಸಂಬಳ ಏರಿಸುತ್ತ ಹೋಗಬೇಕು. ಸದ್ಯ ನಡೆದಿರುವುದು ಈ ಎರಡನೆಯದೇ.

ಖರ್ಚು ಹಂಚಿಕೊಳ್ಳಲು ದಾರಿಯೂ ಇದೆ. ಅಪ್ರೆಂಟಿಸ್ ಕಾಯಿದೆಯಡಿ ಸಣ್ಣ ಘಟಕಗಳೂ ಸ್ವಇಚ್ಛೆಯಿಂದ ಅಭ್ಯರ್ಥಿಗಳನ್ನು ತೆಗೆದುಕೊಳ್ಳಬಹುದು. ಕೇಂದ್ರದ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಒಂದು ಪಾಲನ್ನು ಸರ್ಕಾರ ಭರಿಸುತ್ತದೆ.

ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲು ಬ್ಯಾಂಕುಗಳ ಪದ್ಧತಿಯೊಂದನ್ನು ಎರವಲು ಪಡೆಯಬಹುದು. ಅಲ್ಲಿ ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ಮುನ್ಸೂಚನೆಯಿಲ್ಲದೆ ಕಡ್ಡಾಯ ರಜೆಯ ಮೇಲೆ ಕಳುಹಿಸುತ್ತಾರೆ. ಅದರ ಮೂಲ ಉದ್ದೇಶ ವಂಚನೆಯನ್ನು ಪತ್ತೆಹಚ್ಚುವುದು. ಕಾರ್ಖಾನೆಯ ಮುಖ್ಯ ಸೆಟ್ಟರನ್ನೋ ಅಂಗಡಿಯ ಗುಮಾಸ್ತರನ್ನೋ ಒಂದು ವಾರ ಸಂಬಳಸಹಿತ ಮನೆಗೆ ಕಳುಹಿಸಿ, ಯಾವ ಯಾವ ಕೆಲಸ ನಿಂತಿತೆಂದು ಬರೆದಿಟ್ಟುಕೊಂಡು, ಮಾರ್ಚ್ ಅಂತ್ಯದೊಳಗೆ ಅಷ್ಟಕ್ಕೆ ಮಾತ್ರ ಎರಡನೆಯವರನ್ನು ಸಿದ್ಧಗೊಳಿಸಿದರೂ ಈ ವರ್ಷಕ್ಕೆ ಸಾಕು.