ಗೋಗಿಯ ಯುರೇನಿಯಂ ಬೇಕು, ಅಲ್ಲಿನ ಮುದುಕರು ಬೇಡವಾ?

ನಮ್ಮ ದೊಡ್ಡಪ್ಪ ಶಹಾಪುರದ ಹತ್ತಿರದ ಹಳ್ಳಿಯವರು. ಮೂರು ವರ್ಷ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ತೋರಿಸಿದ ಕಡೆಯೆಲ್ಲ ಒಂದೇ ಮಾತು: "ವಯಸ್ಸಾಗ್ಯಾದ ಕಾಕಾ, ಇರೋದೇ." ಆಮೇಲೆ ಸೊಂಟ ನೋವು. "ಜೋಳದ ಚೀಲ ಎತ್ತೀನಲ್ಲ, ಅದಕ್ಕ" ಅಂತ ತಾವೇ ಕಾರಣ ಹೇಳಿಕೊಂಡರು. ಕೊನೆಗೆ ಬೆಂಗಳೂರಿಗೆ ಕರೆತಂದು ಪಿಎಸ್‌ಎ ಮಾಡಿಸಿದಾಗ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆ ಮುಟ್ಟಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಕೂತು ಓದಿದೆ. ಬ್ರಾಕಿಥೆರಪಿ ಅಂತ ಒಂದಿದೆ. ಅಕ್ಕಿಕಾಳಿಗಿಂತ ಸಣ್ಣ ಟೈಟಾನಿಯಂ ಕೊಳವೆ, ಒಳಗೆ ಅಯೋಡಿನ್-125. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, ಸೂಜಿಯಿಂದ ಹತ್ತಾರು ಕಾಳುಗಳನ್ನು ಗ್ರಂಥಿಯೊಳಗೇ ಇಡುತ್ತಾರೆ, ನಾವು ಕೂರಿಗೆಯಲ್ಲಿ ಜೋಳ ಬಿತ್ತಿದ ಹಾಗೆ! ಸುಮಾರು 60 ದಿನಕ್ಕೊಮ್ಮೆ ವಿಕಿರಣ ಅರ್ಧಕ್ಕಿಳಿಯುತ್ತದೆ. ವರ್ಷದಲ್ಲಿ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ, ಖಾಲಿ ಕಾಳು ಅಲ್ಲೇ ಉಳಿಯುತ್ತದೆ. ಫಾರಿನ್ ಶೋಕಿ ಅಂತ ಮೂಗು ಮುರಿಯಬೇಡಿ, ನಮ್ಮ ಭಾಭಾ ಪರಮಾಣು ಸಂಶೋಧನಾ ಕೇಂದ್ರವೇ ಇಂಥ ಕಾಳು ತಯಾರಿಸಿದೆ.

ಆದರೆ ಷರತ್ತು ಒಂದೇ. ಕ್ಯಾನ್ಸರ್ ಇನ್ನೂ ಗ್ರಂಥಿಯೊಳಗೇ ಇರಬೇಕು. ದೊಡ್ಡಪ್ಪನದು ಆ ಹೊತ್ತಿಗೆ ಗಡಿ ದಾಟಿತ್ತು... ಈಗ ಹಾರ್ಮೋನ್ ಇಂಜೆಕ್ಷನ್, ಅಷ್ಟೇ.

ವಿಚಿತ್ರ ನೋಡಿ. ಇದೇ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ ಅಂತ ಸರ್ಕಾರ ನೆಲ ಕೊರೆದು ಕೊರೆದು ಪತ್ತೆ ಹಚ್ಚಿತು. ನೀರು ಕೆಡುತ್ತದೆ, ಗಣಿ ಬೇಡ ಅಂತ ಊರವರು ಎದ್ದು ನಿಂತರು, ಅದು ಬೇರೆ ಜಗಳ, ಇನ್ನೊಮ್ಮೆ ಬರೆಯುತ್ತೇನೆ. ಬಂಡೆಯೊಳಗಿನದನ್ನು ಹುಡುಕೋಕೆ ಅಷ್ಟು ತಾಳ್ಮೆ ಇರುವವರಿಗೆ ಸುರಪುರದ ಮುದುಕನ ಒಂದು ಸಿರಿಂಜ್ ರಕ್ತ ನೋಡೋಕೆ ಪುರುಸೊತ್ತಿಲ್ಲವಾ?

ಡಾಕ್ಟರ್ ಗೆಳೆಯನೊಬ್ಬ ಬೈದ. ಎಲ್ಲರಿಗೂ ಪಿಎಸ್‌ಎ ಮಾಡಿದರೆ ಯಾವತ್ತೂ ತೊಂದರೆ ಕೊಡದ ಕ್ಯಾನ್ಸರ್‌ಗಳೂ ಸಿಕ್ಕಿ ಜನ ಸುಮ್ಮನೆ ಕತ್ತರಿಗೆ ಸಿಕ್ಕಿಬೀಳುತ್ತಾರೆ, ಮೂತ್ರದ ತೊಂದರೆ ಬಹುಪಾಲು ಬರೀ ಗ್ರಂಥಿ ಊದಿದ್ದು ಅಂದ. ನಿಜವೇ. ಕಡಿಮೆ ಅಪಾಯದ್ದಾದರೆ ಕಾಳೂ ಬೇಡ, ಆಗಾಗ ಪರೀಕ್ಷೆ ಮಾಡುತ್ತಾ ಕಾಯಬಹುದು. ಆದರೆ ಸ್ವಾಮಿ, ಕಾಯುವುದೂ ಒಂದು ಆಯ್ಕೆ ಅಂತ ಆಗಬೇಕಾದರೆ ಮೊದಲು ಗೊತ್ತಾಗಬೇಕಲ್ಲ? ಶುರುವಿನಲ್ಲಿ ಈ ರೋಗ ಸಾಮಾನ್ಯವಾಗಿ ನೋಯಿಸುವುದಿಲ್ಲ. ನಮ್ಮ ಕಡೆ ಗಂಡಸು ಮೂತ್ರದ ಮಾತು ಬಾಯಿಬಿಟ್ಟು ಹೇಳುವುದೇ ಅಪರೂಪ. ನಾಚಿಕೆ ಬಿಟ್ಟು ಬಂದವನನ್ನೂ ಗುಳಿಗೆ ಕೊಟ್ಟು ವಾಪಸ್ ಕಳಿಸಿದರೆ ಇನ್ನು ಹಿಡಿಯುವುದು ಯಾವಾಗ?

ಕಲಬುರಗಿಯಲ್ಲಿ ಕಿದ್ವಾಯಿ ಕೇಂದ್ರ ಇದೆ. 2022ರಲ್ಲಿ ಯಾದಗಿರಿಗೆ ಮೆಡಿಕಲ್ ಕಾಲೇಜೂ ಬಂತು. ಪ್ರತಿ ತಾಲ್ಲೂಕಿನಲ್ಲೂ ಕಾಳು ನೆಡಿ ಅಂತ ನಾನು ಕೇಳುತ್ತಿಲ್ಲ. ತಾಲ್ಲೂಕು ಆಸ್ಪತ್ರೆಗೆ ಬಂದ ಐವತ್ತು ದಾಟಿದವನಿಗೆ ವಿಷಯ ತಿಳಿಸಿ, ಅವನು ಒಪ್ಪಿದರೆ ಪಿಎಸ್‌ಎ ಮಾಡಿ, ಬೆರಳಿಟ್ಟು ಪರೀಕ್ಷೆ ಮಾಡಿ, ಅನುಮಾನ ಬಂದರೆ ಎಲ್ಲಿಗೆ ಹೋಗಬೇಕು ಅಂತ ಚೀಟಿ ಬರೆದುಕೊಡಿ. ಇದು ರಾಕೆಟ್ ವಿದ್ಯೆಯಾ?

ಮುಂದಿನ ಶನಿವಾರ ಊರಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ಫೋನಿನಲ್ಲಿ ಹೇಳಿದೆ. "ನನಗೇನಾಗ್ಯಾದೋ?" ಅಂದರು.