ಮನೆಯ ಕಂಪ್ಯೂಟರಿಗೂ ಬಾಗಿಲು ಬೇಡವೇ?

ಅಡಿಕೆ ಧಾರಣೆ ತಿಳಿಯಬೇಕಾದರೆ ತರೀಕೆರೆ ಕಡೆಯ ಬೆಳೆಗಾರರು ಹಿಂದೆ ಮಂಡಿಗೆ ಹೋಗಿ ಬರಬೇಕಿತ್ತು, ಇಲ್ಲವೇ ಮರುದಿನದ ಪತ್ರಿಕೆಗೆ ಕಾಯಬೇಕಿತ್ತು. ಇಂದು ಮನೆಯಲ್ಲಿ ಕೂತಲ್ಲೇ ಧಾರಣೆ ಸಿಗುತ್ತದೆ. ಜಮೀನಿನ ಪಹಣಿ, ಬೀರೂರಿನಿಂದ ಹೋಗುವ ರೈಲಿನ ಟಿಕೆಟು, ಮಕ್ಕಳ ಪರೀಕ್ಷೆಯ ಫಲಿತಾಂಶ, ಗಲ್ಫಿನಲ್ಲಿರುವ ಮಗನ ಜೊತೆ ಮಾತುಕತೆ ಎಲ್ಲವೂ ಅದೇ ಒಂದು ಯಂತ್ರದಲ್ಲಿ. ಇದು ಸಂತೋಷದ ವಿಷಯ. ಆದರೆ ಧಾರಣೆ ನೋಡಿ ಮುಗಿಸುವುದರೊಳಗೆ ಗೊಬ್ಬರ, ಬೆಳೆ ಸಾಲ, ಟ್ರ್ಯಾಕ್ಟರಿನ ಜಾಹೀರಾತುಗಳು ಬೆನ್ನು ಹತ್ತುತ್ತವೆ. ಅಮ್ಮನ ಮೊಣಕಾಲು ನೋವಿಗೆ ಮದ್ದು ಹುಡುಕಿದರೆ ವಾರವಿಡೀ ಎಣ್ಣೆ, ಮಾತ್ರೆ, ಆಸ್ಪತ್ರೆಗಳ ಚಿತ್ರಗಳೇ. ಇವರಿಗೆ ನಮ್ಮ ಮನೆಯ ವಿಷಯ ಯಾರು ಹೇಳಿದರು ಎಂದು ಹಿರಿಯರು ಕೇಳುವುದುಂಟು. ಈ ಪ್ರಶ್ನೆಯನ್ನೇ ಇಂದು ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಕರಾವಳಿಯ ಪುಟದಲ್ಲಿ ತರೀಕೆರೆಯ ಮಾತೇಕೆ ಎಂದು ಕೇಳಬಹುದು. ಘಟ್ಟ ಹತ್ತಿ ಹೋಗಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ನೆಲೆಸಿದ ನಮ್ಮ ಕುಟುಂಬಗಳು ಅನೇಕ. ತರೀಕೆರೆ, ಕಡೂರು, ಅಜ್ಜಂಪುರದಂಥ ಊರುಗಳಲ್ಲಿ ಮನೆಗೊಂದೇ ಕಂಪ್ಯೂಟರ್ ಇರುವುದು ಹೆಚ್ಚು. ಅದನ್ನು ಅಜ್ಜನೂ ಬಳಸುತ್ತಾರೆ, ಮೊಮ್ಮಗಳೂ ಬಳಸುತ್ತಾಳೆ. ಕೆಟ್ಟರೆ ಸರಿಪಡಿಸಲು ಪೇಟೆಯ ಅಂಗಡಿಗೇ ಒಯ್ಯಬೇಕು. ದೊಡ್ಡ ನಗರದವರಿಗಿಂತ ಇಂಥ ಮನೆಗಳಿಗೇ ಈ ತಿಳಿವಳಿಕೆ ಹೆಚ್ಚು ಅಗತ್ಯ.

ಜಾಹೀರಾತು ಎಂಬುದು ಹೊಸ ವಸ್ತುವಲ್ಲ. ಪತ್ರಿಕೆಯಲ್ಲಿ ಬಟ್ಟೆ ಅಂಗಡಿಯ ಜಾಹೀರಾತನ್ನು ನಾವೆಲ್ಲ ನೋಡಿದ್ದೇವೆ. ಅದು ಎಲ್ಲ ಓದುಗರಿಗೂ ಒಂದೇ. ಪುಟ ಮಡಚಿಟ್ಟರೆ ಅದರ ಕೆಲಸ ಮುಗಿಯಿತು. ನಾವು ಎಷ್ಟು ಹೊತ್ತು ನೋಡಿದೆವು, ಆಮೇಲೆ ಏನು ಓದಿದೆವು ಎಂಬುದು ಅಂಗಡಿಯವನಿಗೆ ಗೊತ್ತಾಗುವುದಿಲ್ಲ. ಅಂತರ್ಜಾಲದ ಮೊದಲ ಪಟ್ಟಿ ಜಾಹೀರಾತು 1994ರ ಅಕ್ಟೋಬರ್‌ನಲ್ಲಿ ಅಮೆರಿಕದ ಹಾಟ್‌ವೈರ್ಡ್ ತಾಣದಲ್ಲಿ ಬಂದಾಗ ಅದೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಅದೇ ವರ್ಷ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಎಂಜಿನಿಯರ್ 'ಕುಕೀ' ಎಂಬ ಚಿಕ್ಕ ಗುರುತು ಚೀಟಿಯನ್ನು ರೂಪಿಸಿದರು. ಒಮ್ಮೆ ಬಂದ ಗಿರಾಕಿ ಮತ್ತೆ ಬಂದಾಗ ತಾಣಕ್ಕೆ ಗುರುತು ಸಿಗಲಿ ಎಂಬುದಷ್ಟೇ ಅದರ ಉದ್ದೇಶ. ಆದರೆ ಜಾಹೀರಾತು ಕಂಪನಿಗಳು ತಮ್ಮ ಚೀಟಿಯನ್ನು ಸಾವಿರಾರು ತಾಣಗಳಲ್ಲಿ ಅಂಟಿಸತೊಡಗಿದವು. ಧಾರಣೆಯ ತಾಣದಲ್ಲಿ ನೋಡಿದವರೇ ಔಷಧಿಯ ತಾಣದಲ್ಲೂ ಇದ್ದಾರೆ, ಸಂಜೆ ವಧೂವರರ ತಾಣಕ್ಕೂ ಬಂದರು ಎಂದು ಒಂದೇ ಕಂಪನಿಗೆ ತಿಳಿಯುವುದು ಹೀಗೆ.

ಈಗ ನಡೆಯುವುದು ಇನ್ನೂ ವೇಗದ ವ್ಯವಹಾರ. ನಾವು ಒಂದು ಪುಟ ತೆರೆದ ಕೂಡಲೇ, ಅದು ಪೂರ್ತಿ ಮೂಡುವ ಮೊದಲೇ, ಆ ಜಾಗಕ್ಕೆ ಹರಾಜು ನಡೆಯುತ್ತದೆ. ಮಂಡಿಯಲ್ಲಿ ಚೀಲ ಬಿಚ್ಚಿ ಅಡಿಕೆ ತೋರಿಸುವಂತೆ, ಇಲ್ಲಿ ನಮ್ಮ ಊರು, ವಯಸ್ಸಿನ ಅಂದಾಜು, ಅಭಿರುಚಿ, ಬಳಸುವ ಯಂತ್ರ ಇವನ್ನು ಹತ್ತಾರು ಕಂಪನಿಗಳ ಮುಂದೆ ಸುರಿಯಲಾಗುತ್ತದೆ. ಹೆಚ್ಚು ಬೆಲೆ ಕೂಗಿದವನ ಜಾಹೀರಾತು ನಮ್ಮ ಕಣ್ಣಿಗೆ ಬೀಳುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸೋತವರೂ ಬರಿಗೈಯಲ್ಲಿ ಹೋಗುವುದಿಲ್ಲ, ನಮ್ಮ ಮಾಹಿತಿ ಅವರ ಕಣ್ಣಿಗೂ ಬಿದ್ದಿರುತ್ತದೆ. ಇದರಲ್ಲಿರುವ ಹಣ ಎಷ್ಟೆಂದರೆ, 2023ರಲ್ಲಿ ಗೂಗಲ್‌ನ ಮಾತೃಸಂಸ್ಥೆಗೆ ಬಂದ ಸುಮಾರು 30,700 ಕೋಟಿ ಡಾಲರ್ ಆದಾಯದಲ್ಲಿ ಸುಮಾರು 23,800 ಕೋಟಿ ಡಾಲರ್ ಜಾಹೀರಾತಿನದೇ. ನಾವು ಪುಕ್ಕಟೆ ಎಂದುಕೊಂಡ ಸೇವೆಗೆ ಬೆಲೆ ಹೀಗೆ ಸಂದಾಯವಾಗುತ್ತದೆ.

ಕಾಟ ಕೊಡುವುದಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಜಾಹೀರಾತಿನ ದಾರಿಯಲ್ಲೇ ಮೋಸವೂ ಮನೆಯೊಳಗೆ ಬರುತ್ತದೆ. ನಮ್ಮ ರಾಜ್ಯದಲ್ಲೇ ನಡೆದುದನ್ನು ನೋಡಿ. 2019ರ ಏಪ್ರಿಲ್ 1ಕ್ಕೆ ಮುನ್ನ ನೋಂದಣಿಯಾದ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕಡ್ಡಾಯವೆಂದು ಕರ್ನಾಟಕ ಸರಕಾರ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಜನ ಅವಸರದಿಂದ ಅಂತರ್ಜಾಲದಲ್ಲಿ ಹುಡುಕತೊಡಗಿದರು. ಅವರ ಹಿಂದೆಯೇ ನಕಲಿ ತಾಣಗಳೂ ಹುಟ್ಟಿಕೊಂಡವು. ಅವುಗಳ ಬಗ್ಗೆ ಎಚ್ಚರದಿಂದಿರಿ ಎಂದು ಸಾರಿಗೆ ಇಲಾಖೆಯೇ ಹೇಳಬೇಕಾಯಿತು. ಬ್ಯಾಂಕಿನ ಸಹಾಯವಾಣಿ, ಗ್ಯಾಸ್ ಏಜೆನ್ಸಿಯ ನಂಬರು ಹುಡುಕುವಾಗಲೂ ಇದೇ ಅಪಾಯ. ಪಟ್ಟಿಯ ತುದಿಯಲ್ಲಿ ಕಾಣುವುದು ಎಷ್ಟೋ ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತು. ಅದರ ಮೇಲಿರುವ 'ಪ್ರಾಯೋಜಿತ' ಎಂಬ ಸಣ್ಣ ಅಕ್ಷರ ಎಪ್ಪತ್ತು ದಾಟಿದ ಕಣ್ಣಿಗೆ ಕಾಣುವುದೇ? ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಇಂಥ ನಕಲಿ ಜಾಹೀರಾತುಗಳ ಬಗ್ಗೆ ಪ್ರಕಟಣೆ ಹೊರಡಿಸಿ, ಹುಡುಕುವಾಗ ಜಾಹೀರಾತು ತಡೆಯುವ ತಂತ್ರಾಂಶ ಬಳಸಿರಿ ಎಂದೇ ಜನರಿಗೆ ಸಲಹೆ ಕೊಟ್ಟಿತು. ಜಾಹೀರಾತು ತಡೆ ಎಂಬುದು ಹವ್ಯಾಸಿಗಳ ಗೀಳಲ್ಲ, ಮನೆಯ ಭದ್ರತೆಯ ಭಾಗ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

"ನಮ್ಮಲ್ಲಿ ಮುಚ್ಚಿಡುವಂಥದ್ದು ಏನಿದೆ?" ಎಂದು ಅನೇಕರು ಹೇಳುತ್ತಾರೆ. ಪ್ರಾಮಾಣಿಕರ ಮಾತು ಅದು, ಒಪ್ಪೋಣ. ಆದರೂ ಅವರು ಬಚ್ಚಲುಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ, ಪತ್ರವನ್ನು ಲಕೋಟೆಯಲ್ಲಿಟ್ಟು ಅಂಟಿಸುತ್ತಾರೆ. ತರೀಕೆರೆ ಎಂದರೆ ಕನ್ನಡದ ಮಕ್ಕಳಿಗೆಲ್ಲ ನಾಲಿಗೆ ತೊಡರುವ ಆ ಆಟದ ಮಾತಿನ ಕೆರೆ ಏರಿಯೇ ನೆನಪು. ಆ ಏರಿಯನ್ನು ಕಟ್ಟಿದ್ದು ನೀರನ್ನು ಬಚ್ಚಿಡುವುದಕ್ಕಲ್ಲ. ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಬಿಡಬೇಕು ಎಂಬುದು ಊರವರ ಕೈಯಲ್ಲಿರಲಿ ಎಂದು. ಮನೆಯ ಮಾಹಿತಿಯೂ ಹಾಗೆಯೇ. ವೈದ್ಯರಿಗೆ ರೋಗ ಹೇಳುತ್ತೇವೆ, ಬ್ಯಾಂಕಿಗೆ ಸಾಲ ಹೇಳುತ್ತೇವೆ, ಮದುವೆಯ ಮಾತನ್ನು ನಂಟರಿಗೆ ಹೇಳುತ್ತೇವೆ. ಮೂರನ್ನೂ ಒಬ್ಬ ಅಪರಿಚಿತ ಒಟ್ಟುಗೂಡಿಸಿ ಮಾರುವುದಕ್ಕೆ ನಾವು ಒಪ್ಪಿಲ್ಲ.

ಈ ಹಕ್ಕನ್ನು ದೇಶಕ್ಕೆ ಗೆದ್ದುಕೊಟ್ಟ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕದವರೇ ಎಂಬುದು ನಮಗೆ ಹೆಮ್ಮೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರಕಾರದ ಪರವಾಗಿ ವಾದಿಸಲಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನಲ್ಲಿಯೇ ಖಾಸಗಿತನವೂ ಸೇರಿದೆ ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಉಳಿದಿದೆ.

ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಒಪ್ಪಿಗೆ ಪಡೆಯದೆ ಜನರ ಮಾಹಿತಿ ಬಳಸುವಂತಿಲ್ಲ ಎಂಬುದು ಅದರ ತಿರುಳು, ಇದಕ್ಕೆ ಕೆಲವು ವಿನಾಯಿತಿಗಳೂ ಇವೆ. 18 ವರ್ಷದೊಳಗಿನ ಮಕ್ಕಳನ್ನು ಹಿಂಬಾಲಿಸುವುದನ್ನೂ ಅವರನ್ನು ಗುರಿಯಾಗಿಟ್ಟು ಜಾಹೀರಾತು ಕೊಡುವುದನ್ನೂ ಅದು ತಡೆಯುತ್ತದೆ. ದಂಡ 250 ಕೋಟಿ ರೂಪಾಯಿಯವರೆಗೆ ಇದೆ. ಆದರೆ ಕಾಯ್ದೆಯ ನಿಯಮಗಳು ಪ್ರಕಟವಾದದ್ದೇ 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಸರಕಾರಿ ಸಂಸ್ಥೆಗಳಿಗೆ ಕೊಟ್ಟ ವಿನಾಯಿತಿ ವಿಪರೀತವಾಯಿತು ಎಂಬ ಟೀಕೆಯೂ ಇದೆ. ಕಾನೂನು ಇದೆ ಎಂದು ಯಾರೂ ಬಾಗಿಲು ತೆರೆದಿಟ್ಟು ಮಲಗುವುದಿಲ್ಲ. ನಮ್ಮ ಮನೆಯ ಚಿಲಕ ನಾವೇ ಹಾಕಬೇಕು.

ಹಾಗಾದರೆ ಏನು ಮಾಡಬಹುದು? ಮೊದಲನೆಯದು ಬ್ರೌಸರಿನ ಆಯ್ಕೆ. ಫೈರ್‌ಫಾಕ್ಸ್ ಬ್ರೌಸರ್ 2019ರಿಂದಲೇ ಹಿಂಬಾಲಿಸುವ ಕುಕೀಗಳನ್ನು ತಾನಾಗಿ ತಡೆಯುತ್ತದೆ. ಅದಕ್ಕೆ 'ಯುಬ್ಲಾಕ್ ಒರಿಜಿನ್' ಎಂಬ ಎಕ್ಸ್‌ಟೆನ್ಶನ್ ಸೇರಿಸಿದರೆ ಬಹುಪಾಲು ಜಾಹೀರಾತುಗಳೂ ಬೇಹುಗಾರರೂ ಹೊರಗೆ ನಿಲ್ಲುತ್ತವೆ. ಕೆನಡಾದ ರೇಮಂಡ್ ಹಿಲ್ ಎಂಬವರು 2014ರಲ್ಲಿ ಆರಂಭಿಸಿದ ಈ ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ. ಪುಟಗಳು ಬೇಗ ತೆರೆಯುತ್ತವೆ, ಇಂಟರ್‌ನೆಟ್ ಪ್ಯಾಕಿನ ಡೇಟಾ ಸಹ ಉಳಿಯುತ್ತದೆ. ಸಂಪರ್ಕ ನಿಧಾನವಾಗಿರುವ ಮಲೆನಾಡಿನ ಮನೆಗಳಿಗೆ ಇದು ಸಣ್ಣ ಲಾಭವಲ್ಲ.

ಕ್ರೋಮ್ ಬಳಸುವವರು ಒಂದು ವಿಷಯ ಗಮನಿಸಬೇಕು. ಗೂಗಲ್ ಎಕ್ಸ್‌ಟೆನ್ಶನ್‌ಗಳ ನಿಯಮ ಬದಲಿಸಿದ್ದರಿಂದ 2024ರಿಂದ ಹಂತಹಂತವಾಗಿ, 2025ರಲ್ಲಿ ಪೂರ್ತಿಯಾಗಿ, ಯುಬ್ಲಾಕ್ ಒರಿಜಿನ್ ಕ್ರೋಮಿನಲ್ಲಿ ನಿಂತುಹೋಯಿತು. ಬದಲಿಗೆ 'ಯುಬ್ಲಾಕ್ ಒರಿಜಿನ್ ಲೈಟ್' ಇದೆ, ಅದರ ಶಕ್ತಿ ಕಡಿಮೆ. ಹೊರಗಿನವರ ಕುಕೀಗಳನ್ನು ಕ್ರೋಮಿನಿಂದ ತೆಗೆಯುತ್ತೇವೆ ಎಂದು 2020ರಲ್ಲಿ ಹೇಳಿದ್ದ ಗೂಗಲ್ 2024ರಲ್ಲಿ ಆ ಮಾತಿನಿಂದ ಹಿಂದೆ ಸರಿಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬ್ರೌಸರೂ ಅವರದೇ, ಜಾಹೀರಾತಿನ ವ್ಯಾಪಾರವೂ ಅವರದೇ. ತನ್ನ ಅಂಗಡಿಗೆ ತಾನೇ ಬೀಗ ಜಡಿಯುವ ವ್ಯಾಪಾರಿ ಎಲ್ಲಿದ್ದಾನೆ?

ಎರಡನೆಯದು, ಹೆಸರು ನೋಡಿ ಮೋಸ ಹೋಗದಿರುವುದು. ಕ್ರೋಮ್ ಅಂಗಡಿಯಲ್ಲಿದ್ದ ಐದು ಜಾಹೀರಾತು ತಡೆಗಳು ನಕಲಿ ಎಂದು 2018ರ ಏಪ್ರಿಲ್‌ನಲ್ಲಿ ಆಡ್‌ಗಾರ್ಡ್ ಸಂಸ್ಥೆ ತೋರಿಸಿಕೊಟ್ಟಿತು. ಅಷ್ಟರಲ್ಲಿ ಎರಡು ಕೋಟಿಗೂ ಹೆಚ್ಚು ಮಂದಿ ಅವನ್ನು ಹಾಕಿಕೊಂಡಾಗಿತ್ತು. ಕಾವಲಿಗೆಂದು ಕರೆದವನೇ ಕನ್ನ ಹಾಕಿದ ಹಾಗೆ. ಆದ್ದರಿಂದ ಬ್ರೌಸರಿನ ಅಧಿಕೃತ ಪುಟದಿಂದಲೇ, ತಯಾರಕರ ಹೆಸರು ನೋಡಿಯೇ ಹಾಕಿಕೊಳ್ಳಿ. ಒಂದು ತಡೆ ಸಾಕು, ಮೂರು ಬೇಡ.

ಮೂರನೆಯದು, ಯಂತ್ರದ ಆರೋಗ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರಿನಲ್ಲಿ ಭದ್ರತೆಯ ತೂತುಗಳು ಮುಚ್ಚದೆ ಉಳಿದರೆ ಯಾವ ಜಾಹೀರಾತು ತಡೆಯೂ ಕಾಪಾಡದು. ಹೊಸ ವಿಂಡೋಸ್ ಹಿಡಿಸದ ಯಂತ್ರಕ್ಕೆ ಲಿನಕ್ಸ್ ಹಾಕಿಸಬಹುದು, ಅದು ಉಚಿತ.

ಈ ಉಪಾಯಗಳ ಮಿತಿಯನ್ನೂ ಹೇಳಬೇಕು. ನಾವೇ ಟೈಪು ಮಾಡಿ ಕೊಟ್ಟ ಫೋನ್ ನಂಬರನ್ನು, ಫೇಸ್‌ಬುಕ್ಕಿನಲ್ಲಿ ನಾವೇ ಹಾಕಿದ ಮಕ್ಕಳ ಚಿತ್ರವನ್ನು ಯಾವ ತಡೆಯೂ ಹಿಂದಕ್ಕೆ ತಂದುಕೊಡದು. 'ಇನ್‌ಕಾಗ್ನಿಟೊ' ಕಿಟಕಿಯಲ್ಲಿ ನೋಡಿದರೆ ಯಾರಿಗೂ ಕಾಣದು ಎಂಬ ನಂಬಿಕೆಯೂ ತಪ್ಪು. ಅದು ಮನೆಯ ಇತರರಿಂದ ಮರೆಮಾಡುತ್ತದೆ, ಹೊರಗಿನವರಿಂದ ಅಲ್ಲ. ಈ ಬಗ್ಗೆ ಅಮೆರಿಕದಲ್ಲಿ ನಡೆದ ಮೊಕದ್ದಮೆಯ ರಾಜಿಯಲ್ಲಿ ಗೂಗಲ್ 2024ರಲ್ಲಿ ಭಾರೀ ಪ್ರಮಾಣದ ದಾಖಲೆಗಳನ್ನು ಅಳಿಸಲು ಒಪ್ಪಬೇಕಾಯಿತು.

ಇನ್ನೊಂದು ನ್ಯಾಯದ ಪ್ರಶ್ನೆಯಿದೆ. ಎಲ್ಲರೂ ಜಾಹೀರಾತು ತಡೆದರೆ ಅದನ್ನೇ ನಂಬಿರುವ ಸಣ್ಣ ಕನ್ನಡ ತಾಣಗಳ ಗತಿಯೇನು? ವರದಿ ಬರೆದವರಿಗೂ ಕೂಲಿ ಬೇಕು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮ ಅಭಿಪ್ರಾಯ ಇಷ್ಟೇ: ಊರಿನ ಅಂಗಡಿಯ ಜಾಹೀರಾತನ್ನು ಪತ್ರಿಕೆಯಂತೆ ಸುಮ್ಮನೆ ಪ್ರಕಟಿಸುವುದು ಬೇರೆ, ಓದುಗನ ಹಿಂದೆ ಗೂಢಚಾರನನ್ನು ಬಿಡುವುದು ಬೇರೆ. ಜಾಹೀರಾತು ತಡೆಯಲ್ಲಿ ನಾವು ಮೆಚ್ಚುವ ತಾಣಕ್ಕೆ ವಿನಾಯಿತಿ ಕೊಡುವ ಗುಂಡಿ ಇದೆ, ಅದನ್ನು ಬಳಸೋಣ. ಚಂದಾ ಕೊಡುವ ಅವಕಾಶವಿದ್ದರೆ ಕೊಡೋಣ.

ಧರ್ಮಕೇಂದ್ರದ ಕಚೇರಿಗಳಲ್ಲಿ ದುಡಿಯುವವರಿಗೆ ವಿಶೇಷವಾಗಿ ಒಂದು ಮಾತು. ಕುಟುಂಬಗಳ ಹೆಸರು, ಜನ್ಮದಿನ, ಫೋನ್ ನಂಬರು, ಜ್ಞಾನಸ್ನಾನ ಮತ್ತು ಮದುವೆಯ ದಾಖಲೆ, ಯಾರಿಗೆ ಎಷ್ಟು ಸಹಾಯಧನ ಕೊಟ್ಟೆವೆಂಬ ಲೆಕ್ಕ ಎಲ್ಲವೂ ಈಗ ಕಂಪ್ಯೂಟರಿಗೆ ಬರುತ್ತಿವೆ. ಪ್ರತಿಯೊಬ್ಬರ ಖಾಸಗಿತನದ ಹಕ್ಕಿಗೆ ಧಕ್ಕೆ ತರಬಾರದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 220ನೇ ವಿಧಿ ಹೇಳುತ್ತದೆ. ಹೊಸ ದತ್ತಾಂಶ ಕಾಯ್ದೆಯ ಹೊಣೆಯೂ ಸಂಸ್ಥೆಗಳ ಮೇಲೆ ಬರಲಿದೆ. ಅಂಥ ಯಂತ್ರದಲ್ಲಿ ಆಟ, ಸಿನಿಮಾ, ಕಂಡಕಂಡ ತಾಣ ಬೇಡ. ಕಚೇರಿಗೊಂದು ಪ್ರತ್ಯೇಕ ಖಾತೆ, ಬಲವಾದ ಪಾಸ್‌ವರ್ಡ್, ಜಾಹೀರಾತು ತಡೆ ಇರುವ ಬ್ರೌಸರ್ ಇರಲಿ. ಕುಟುಂಬಗಳ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ನಿಲ್ಲಲಿ.

ಇಷ್ಟೆಲ್ಲ ಎಚ್ಚರವಿದ್ದೂ ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಫೈರ್‌ಫಾಕ್ಸ್ ಮತ್ತು ಒಂದು ಎಕ್ಸ್‌ಟೆನ್ಶನ್ ಹಾಕಲು ಹತ್ತು ನಿಮಿಷ ಸಾಕು. ಕಾಲೇಜಿಗೆ ಹೋಗುವ ನಮ್ಮ ಯುವಜನರಿಗೆ ಇದು ಗೊತ್ತಿದೆ, ಅವರ ಅಜ್ಜ ಅಜ್ಜಿಯರಿಗೆ ಗೊತ್ತಿಲ್ಲ. ಭಾನುವಾರದ ಪೂಜೆಯ ನಂತರ ಯುವ ಸಂಘಟನೆಯವರು ಇಬ್ಬಿಬ್ಬರಾಗಿ ವಾರ್ಡಿನ ಹಿರಿಯರ ಮನೆಗಳಿಗೆ ಹೋಗಿ ಈ ಕೆಲಸ ಮಾಡಿಕೊಟ್ಟು, 1930 ಎಂಬ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದು ಬರಲಿ. ಖರ್ಚಿಲ್ಲದ ಸೇವೆ ಇದು. ಯಾವ ಧರ್ಮಕೇಂದ್ರವೂ ಮುಂದಿನ ಭಾನುವಾರವೇ ಆರಂಭಿಸಬಹುದು.