ತೂಕದ ಮಷೀನಿಗೆ ಕಾಣದ ಕೊಬ್ಬು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಊರಿನವರು ಕರೆಯುವುದು ಮಿಷನ್ ಆಸ್ಪತ್ರೆ ಎಂದೇ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದಾರೆ. 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ಶುಗರ್ ಪರೀಕ್ಷೆ ಮಾಡಿದರು. ನೂರಕ್ಕೆ ಆರು ಮಂದಿಗೆ ಬಸುರಿನಲ್ಲಿ ಬರುವ ಮಧುಮೇಹ ಇತ್ತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳು ಬೆಳೆದಂತೆ ಅವರನ್ನು ಅಳೆಯುತ್ತ ಬಂದರು. ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಓರಗೆಯವರಿಗಿಂತ ಹೆಚ್ಚಿತ್ತು. ಒಂಬತ್ತೂವರೆ ವರ್ಷವಾಗುವಾಗ ಅವರ ಮೈ ಇನ್ಸುಲಿನ್ನಿನ ಮಾತು ಕೇಳದಿರುವ ಲಕ್ಷಣವೂ ಕಂಡಿತು.

ಆ ಮಕ್ಕಳು ಈಗ ಇಪ್ಪತ್ತೈದು ದಾಟಿದ್ದಾರೆ. ಕೆಲಸಕ್ಕೆ ಹೋಗುವ, ಮದುವೆಯಾಗುವ, ತಾಯಿಯಾಗುವ ವಯಸ್ಸು. ಅವರ ಓರಗೆಯ ಹುಡುಗಿಯರೆಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ಈ ವಯಸ್ಸಿನ ಹೆಣ್ಣುಮಕ್ಕಳ ಆರೋಗ್ಯವನ್ನು ನಾವು ಕಣ್ಣಂದಾಜಿನಲ್ಲಿ ತೀರ್ಮಾನಿಸುತ್ತೇವೆ. ತೆಳ್ಳಗಿದ್ದರೆ ಚೆನ್ನಾಗಿದ್ದಾಳೆ, ಸ್ವಲ್ಪ ತುಂಬಿಕೊಂಡಿದ್ದರೆ ತಿಂಡಿಪೋತಿ. ಎರಡೂ ತಪ್ಪು.

ತೆಳ್ಳಗಿನ ಮೈಯಲ್ಲೂ ಕೊಬ್ಬು ಅಡಗಿರಬಹುದು ಎಂಬುದರ ಸುಳಿವನ್ನು ನಮ್ಮ ಕಡೆಯ ಮಕ್ಕಳು ಹುಟ್ಟುವಾಗಲೇ ಕೊಡುತ್ತವೆ. ಮೈಸೂರಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಹಗುರ, ತೋಳು ಸಣ್ಣ; ಆದರೆ ಬೆನ್ನಿನ ರೆಕ್ಕೆಮೂಳೆಯ ಕೆಳಗಿನ ಕೊಬ್ಬಿನ ಮಡಿಕೆಯಲ್ಲಿ ಮಾತ್ರ ಕೊರತೆಯಿಲ್ಲ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಅಲ್ಲಿನ ಹಳ್ಳಿಗಳ ಮಕ್ಕಳಲ್ಲೂ ಇದನ್ನೇ ಕಂಡರು. 2004ರಲ್ಲಿ ಅವರು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಜೊತೆ ನಿಂತ ಒಂದು ಫೋಟೋ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಶೇ 9.1 ಕೊಬ್ಬು, ಯಾಜ್ಞಿಕ್ ಮೈಯಲ್ಲಿ ಶೇ 21.2. ಎತ್ತರ ತೂಕಗಳ ಲೆಕ್ಕಕ್ಕೆ ಈ ವ್ಯತ್ಯಾಸ ಸಿಗುವುದೇ ಇಲ್ಲ.

ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ. ತೊಡೆಯಲ್ಲಿ, ಪೃಷ್ಠದಲ್ಲಿ ಕೂತದ್ದು ಅಷ್ಟು ತೊಂದರೆ ಕೊಡುವುದಿಲ್ಲ. ಕರುಳಿನ ಸುತ್ತ ಸೇರಿಕೊಂಡದ್ದು ಸುಮ್ಮನಿರುವುದಿಲ್ಲ. ಅದರಿಂದ ಹೊರಟ ಕೊಬ್ಬಿನಾಮ್ಲ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದಂತೆ ಇನ್ಸುಲಿನ್ನಿನ ಹಿಡಿತ ಸಡಿಲವಾಗುತ್ತದೆ, ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್ ಅಂಡಾಶಯಕ್ಕೂ ತಟ್ಟಿ ಅಲ್ಲಿ ಪುರುಷ ಹಾರ್ಮೋನು ಏರುತ್ತದೆ. ಮುಟ್ಟು ಮೂರು ತಿಂಗಳಿಗೊಮ್ಮೆ ಆಗುವುದು, ಗದ್ದದ ಮೇಲೆ ಕೂದಲು, ಕತ್ತಿನ ಹಿಂದೆ ಕಪ್ಪು: ಪಿಸಿಓಡಿ ಎಂದು ಹುಡುಗಿಯರು ತಮ್ಮತಮ್ಮಲ್ಲೇ ಪಿಸುಗುಡುವ ತೊಂದರೆಯ ಹಿಂದೆ ಬಹಳ ಸಲ ಇರುವುದು ಇದೇ. ತೆಳ್ಳಗಿರುವವರಿಗೂ ಇದು ಬರುತ್ತದೆ. ಮನೆಯಲ್ಲಿ ಮಾತ್ರ ಗದ್ದಕ್ಕೆ ಥ್ರೆಡ್ಡಿಂಗ್, ಕತ್ತಿಗೆ ಕ್ರೀಮು, ಮುಟ್ಟಿಗೆ ‘ಮದುವೆಯಾದ ಮೇಲೆ ಸರಿಹೋಗುತ್ತೆ ಬಿಡು’ ಎಂಬ ಸಮಾಧಾನ. ಈ ಸಮಾಧಾನದಲ್ಲಿ ಕಳೆದುಹೋಗುವ ವರ್ಷಗಳನ್ನು ನೆನೆದರೆ ಸಂಕಟವಾಗುತ್ತದೆ.

ಭಾರತೀಯರಿಗೆ ಬಿಎಂಐ 23 ದಾಟಿದರೇ ಎಚ್ಚರ ಬೇಕು; ಹೆಂಗಸರ ಸೊಂಟ 80 ಸೆಂಟಿಮೀಟರ್ ಮೀರಬಾರದು. ಇದಕ್ಕೆ ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ಸೊಂಟವನ್ನೂ ಅಳೆದರು. ದೇಶದಲ್ಲಿ ನೂರಕ್ಕೆ ನಲವತ್ತು ಮಂದಿ ಆ ಗೆರೆ ದಾಟಿದ್ದರು. ಕರ್ನಾಟಕದಲ್ಲಿ ಶೇ 30ರಷ್ಟು ಹೆಂಗಸರ ತೂಕ ಹೆಚ್ಚು, ಶೇ 17ರಷ್ಟು ಮಂದಿಯದು ಕಡಿಮೆ, ಅರ್ಧದಷ್ಟು ಮಂದಿಗೆ ರಕ್ತಹೀನತೆ.

ಹಾಗಾದರೆ ತಪ್ಪು ಯಾರದು? ‘ಮೊಬೈಲು ಹಿಡಿದು ಕೂತರೆ ಇನ್ನೇನಾಗುತ್ತೆ’ ಎನ್ನುವ ಹಿರಿಯರಿಗೆ ನನ್ನದೊಂದು ಪ್ರಶ್ನೆ: ಹುಡುಗಿಯನ್ನು ಮೈದಾನದಿಂದ ಎಬ್ಬಿಸಿದವರು ಯಾರು? ಐದನೇ ಕ್ಲಾಸಿನವರೆಗೆ ಕುಂಟೆಬಿಲ್ಲೆ, ಖೋಖೋ ಆಡಿದವಳು. ಮೈನೆರೆದ ಮೇಲೆ ಸಂಜೆ ಆಟ ನಿಂತಿತು. ಹತ್ತನೇ ಕ್ಲಾಸಿನಲ್ಲಿ ಪಿಟಿ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಂಡರು. ಪಿಯುಸಿಯಲ್ಲಿ ಕಾಲೇಜು ಮುಗಿದರೆ ಟ್ಯೂಷನ್. ಕೆಲಸ ಸಿಕ್ಕಿ ಬೆಂಗಳೂರಿನ ಪಿಜಿಗೆ ಬಂದರೆ ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆ ಬೇಕರಿಯ ಪಫ್, ರಾತ್ರಿ ಮತ್ತೆ ಅನ್ನ. ಕತ್ತಲಾದ ಮೇಲೆ ಒಬ್ಬಳೇ ವಾಕಿಂಗ್ ಹೋಗಲು ದೀಪವಿರುವ ಫುಟ್‌ಪಾತೂ ಇಲ್ಲ. ಮದುವೆಯಾದರೆ ಎಲ್ಲರೂ ಉಂಡ ಮೇಲೆ ಉಳಿದದ್ದು ಇವಳ ಊಟ.

ಇನ್ನು ಹೆಣ್ಣು ನೋಡಲು ಬರುತ್ತಾರೆ ಎಂದಾಗ ಶುರುವಾಗುವ ಉಪವಾಸವಂತೂ ಕೇಡಿನ ಮೇಲೆ ಕೇಡು. ತಿಂಡಿ ಬಿಟ್ಟು, ಎರಡು ತಿಂಗಳು ಬರೀ ಸೌತೆಕಾಯಿ ತಿಂದು ಇಳಿಸಿದ ತೂಕದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಹೋಗುತ್ತದೆ. ಉಂಡ ಅನ್ನದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಸ್ನಾಯುವೇ. ಮೊದಲೇ ಕಡಿಮೆ ಸ್ನಾಯು ಹೊತ್ತು ಹುಟ್ಟಿದ ಮೈಯಿಂದ ಅದನ್ನೂ ಕಿತ್ತರೆ ಸಕ್ಕರೆ ಹೋಗುವುದೆಲ್ಲಿಗೆ? ಅವಳಿಗೆ ಬೇಕಿರುವುದು ತಟ್ಟೆಯಲ್ಲಿ ಅನ್ನ ಕಡಿಮೆ. ಹುರುಳಿಕಾಳು, ಮೊಟ್ಟೆ, ಮೊಸರು, ಸೊಪ್ಪು ಹೆಚ್ಚು. ಜೊತೆಗೆ ಭಾರ ಎತ್ತುವ, ಬಸ್ಕಿ ಹೊಡೆಯುವ ಅಭ್ಯಾಸ. ಭಾರ ಎತ್ತಿದರೆ ಹುಡುಗಿ ಗಂಡಸಿನಂತಾಗುತ್ತಾಳೆ ಎಂಬ ಭಯವನ್ನು ಮನೆಯ ಹೆಂಗಸರೇ ಮೊದಲು ಬಿಡಬೇಕು.

ಸರ್ಕಾರ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಕೆಲಸವೊಂದಿದೆ. ಬಸುರಿನಲ್ಲಿ ಮಧುಮೇಹ ಬಂದವಳಿಗೆ ಮುಂದೆ ಅದು ಕಾಯಂ ಆಗುವ ಅಪಾಯ ಉಳಿದವರಿಗಿಂತ ಸುಮಾರು ಏಳು ಪಟ್ಟು. ಹೆರಿಗೆಯಾದ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಕುಡಿಸಿ ನೋಡಬೇಕು. ಆದರೆ ಅಷ್ಟರಲ್ಲಿ ಅವಳು ಬಾಣಂತನಕ್ಕೆ ತವರಿಗೆ ಹೋಗಿರುತ್ತಾಳೆ, ಮನೆಯವರ ಗಮನವೆಲ್ಲ ಮಗುವಿನ ಮೇಲೆ. ಅದೇ ಆರನೇ ವಾರಕ್ಕೆ ಮಗುವಿನ ಲಸಿಕೆಯೂ ಇರುತ್ತದೆ; ತವರಿನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅವಳು ಹೇಗೂ ಬರುತ್ತಾಳೆ. ಆ ದಿನವೇ ಅವಳ ರಕ್ತವನ್ನೂ ಪರೀಕ್ಷಿಸಿ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆದು, ಗಂಡನ ಊರಿನ ಆಶಾ ಕಾರ್ಯಕರ್ತೆಗೂ ತಿಳಿಸುವ ಏರ್ಪಾಡನ್ನು ಆರೋಗ್ಯ ಇಲಾಖೆ ಈ ವರ್ಷವೇ ಮಾಡಬೇಕು.